ಗಟ್ಟಿ ಮೇಜಿನ ಕೆಳಗೆ ಕೂರತಕ್ಕದ್ದು

ಭೂಕಂಪ ಬಂದಾಗ ಏನು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಸರ್ಕಾರಿ ಕರಪತ್ರಗಳಿಗೆ ಎಳ್ಳಷ್ಟೂ ಗೊಂದಲವಿಲ್ಲ. ಬಗ್ಗಿ, ಗಟ್ಟಿಯಾದ ಮೇಜಿನ ಕೆಳಗೆ ಸೇರಿಕೊಳ್ಳಿ, ಅದರ ಕಾಲು ಹಿಡಿದುಕೊಳ್ಳಿ. ಅಲುಗಾಟ ನಿಂತ ಮೇಲೆ ಲಿಫ್ಟ್ ಬಳಸದೆ ಕೆಳಗಿಳಿಯಿರಿ. ಕಟ್ಟಡ, ಮರ, ವಿದ್ಯುತ್ ತಂತಿ ಯಾವುದೂ ಇಲ್ಲದ ಬಯಲಿಗೆ ಹೋಗಿ ನಿಲ್ಲಿ.

ಈ ಕರಪತ್ರ ಹಿಡಿದು ದೆಹಲಿಯ ಸಂಗಮ್ ವಿಹಾರದಂಥ ಅನಧಿಕೃತ ಬಡಾವಣೆಗೆ ಹೋದರೆ ಮೊದಲು ಹುಡುಕಬೇಕಾದ್ದು ಮೇಜನ್ನು. ಹತ್ತಡಿ ಹತ್ತಡಿಯ ಕೋಣೆ. ಮಂಚವೊಂದಿದೆ, ಅದರ ಕೆಳಗೆ ಟ್ರಂಕು, ಟ್ರಂಕಿನ ಪಕ್ಕ ಗ್ಯಾಸ್ ಸಿಲಿಂಡರ್, ಸಂದಿಯಲ್ಲಿ ಹಿಟ್ಟಿನ ಡಬ್ಬ. ಹೇಗೋ ಒಬ್ಬ ಒಳಗೆ ತೂರಿಕೊಂಡ ಎನ್ನಿ, ಉಳಿದ ಐವರು ಪಾಳಿಯಲ್ಲಿ ನಿಲ್ಲಬೇಕು. ಪಾಳಿ ಅವರಿಗೆ ಹೊಸದಲ್ಲ, ಟ್ಯಾಂಕರ್ ನೀರು ಚೆನ್ನಾಗಿಯೇ ಕಲಿಸಿದೆ. ಆದರೆ ಭೂಕಂಪಕ್ಕೆ ಟ್ಯಾಂಕರ್ ಡ್ರೈವರಿಗಿರುವಷ್ಟೂ ತಾಳ್ಮೆ ಇರುವುದಿಲ್ಲ.

ಇನ್ನು ಬಯಲು. ಗಲ್ಲಿಯಲ್ಲಿ ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಅಂಟಿಕೊಳ್ಳಬೇಕು. ತಲೆಯೆತ್ತಿದರೆ ಎರಡೂ ಬದಿಯ ಮನೆಗಳು ಮಹಡಿಯಿಂದ ಮಹಡಿಗೆ ಮುಂದೆ ಚಾಚುತ್ತಾ ಹೋಗಿ, ನಾಲ್ಕನೇ ಮಹಡಿಯ ಹೊತ್ತಿಗೆ ಕಿಟಕಿಯಿಂದ ಕಿಟಕಿಗೆ ಸಕ್ಕರೆ ಕೈಗಡ ಕೊಡುವಷ್ಟು ಹತ್ತಿರವಾಗಿವೆ. ನಡುವೆ ಉಳಿದ ಗೇಣಗಲ ಆಕಾಶದಲ್ಲಿ ಕರೆಂಟಿನ ತಂತಿ, ಕೇಬಲ್ ತಂತಿ, ಒಣಹಾಕಿದ ಬಟ್ಟೆ. ತಂತಿಯಿಂದ ದೂರವಿರಬೇಕು ಎಂದರೆ ಊರನ್ನೇ ಬಿಡಬೇಕು.

ಕರಪತ್ರ ಹೇಳುವುದರಲ್ಲಿ ಒಂದನ್ನು ಮಾತ್ರ ಇಲ್ಲಿನವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ಮುಖ್ಯ ದಾಖಲೆಗಳನ್ನು ನೀರು ಹೋಗದ ಚೀಲದಲ್ಲಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ ಎಂಬ ಮಾತಿದೆಯಲ್ಲ, ಅದು. ಆಧಾರ್, ರೇಷನ್ ಕಾರ್ಡ್, ಹಳೆಯ ಕರೆಂಟ್ ಬಿಲ್ಲು, ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದಿವೆ. ತರಬೇತಿ ಕೊಟ್ಟವರು ವಿಪತ್ತು ನಿರ್ವಹಣೆಯವರಲ್ಲ, ಜೆಸಿಬಿಯವರು.

2025ರ ಫೆಬ್ರುವರಿ 17ರ ಬೆಳಗಿನ ಜಾವ 5.36ಕ್ಕೆ ದೆಹಲಿ ನಡುಗಿತು. ತೀವ್ರತೆ 4.0 ಅಷ್ಟೇ, ಕೇಂದ್ರ ಮಾತ್ರ ಊರೊಳಗೇ, ಧೌಲಾ ಕುವಾಂ ಬಳಿ. ಶಾಂತವಾಗಿರಿ, ಸುರಕ್ಷತಾ ಕ್ರಮ ಪಾಲಿಸಿ ಎಂದು ಪ್ರಧಾನಿಯವರೇ ಹೇಳಿದರು. ಜನ ಶಾಂತವಾಗಿಯೇ ಇದ್ದರು. ಕ್ರಮ ಪಾಲಿಸುವುದಕ್ಕೆ ಮೇಜು ಸಿಗಲಿಲ್ಲ, ಅಷ್ಟೇ ಕೊರತೆ.

ತಮಾಷೆ ಏನೆಂದರೆ ಗುಡಿಸಲಿನಲ್ಲಿರುವವನಿಗೆ ಭೂಕಂಪದ ಭಯ ಕಡಿಮೆ. ತಗಡೋ ಗರಿಯೋ ತಲೆ ಮೇಲೆ ಬಿದ್ದರೆ ಗಾಯವಾದೀತು, ಜೀವ ಸಾಮಾನ್ಯವಾಗಿ ಹೋಗುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನೆಲಸಮವಾದಾಗ ಸಾವಿರಾರು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ಕಲಬುರಗಿ, ಬೀದರ್ ಕಡೆಯ ಹಿರಿಯರಿಗೆ ಆ ನಡುಕ ಇನ್ನೂ ನೆನಪಿದೆ. ಭೂಕಂಪದ ಅಪಾಯ ತೋರುವ ಸರ್ಕಾರಿ ನಕ್ಷೆಯ ಪ್ರಕಾರ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ದೇಶದಲ್ಲೇ ಅತ್ಯಂತ ಕಡಿಮೆ ಅಪಾಯದ ಜಾಗದಲ್ಲಿ. 2002ರಲ್ಲಿ ನಕ್ಷೆ ತಿದ್ದಿದರು, ಒಂದನೇ ವಲಯವನ್ನೇ ತೆಗೆದು ಎರಡನೆಯದಕ್ಕೆ ಸೇರಿಸಿದರು. ತಜ್ಞರು ಮಾಡಿದ್ದು ಸರಿಯೇ. ಆದರೆ ಕಾಗದ ತಿದ್ದಿದ ಮೇಲೆ ಗೋಡೆಯನ್ನೂ ತಿದ್ದಬೇಕಿತ್ತು ಎಂಬುದು ಉಳಿದವರಿಗೆ ಹೊಳೆಯಲಿಲ್ಲ.

ಕಾಗದ ತಿದ್ದುವ ವಿದ್ಯೆಯಲ್ಲಿ ನಮಗಿಂತ ಒಂದು ಕೈ ಮೇಲೆ ತುರ್ಕಿಯವರು. ಇಸ್ತಾಂಬುಲ್, ಅಂಕಾರಾಗಳ ಸುತ್ತ ರಾತ್ರೋರಾತ್ರಿ ಎದ್ದ ಬಡಾವಣೆಗಳು, ಅವುಗಳ ಮೇಲೆ ಏರಿದ ಮಹಡಿಗಳು, ಚುನಾವಣೆ ಬಂದಾಗ ಆ ಅಕ್ರಮ ಕಟ್ಟಡಗಳಿಗೆ ಕ್ಷಮಾದಾನ. ದಶಕಗಳಿಂದ ಇದೇ ಆಟ. 1999ರ ಆಗಸ್ಟ್ 17ರಂದು ಮರ್ಮರಾ ಸೀಮೆಯ ಭೂಕಂಪದಲ್ಲಿ 17 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ತಾತ್ಕಾಲಿಕ ಎಂದು ಹೇರಿದ ಫೋನಿನ ಮೇಲಿನ ತೆರಿಗೆ ಆಮೇಲೆ ಕಾಯಂ ಆಯಿತು. ಜನ ಅದಕ್ಕೆ ಭೂಕಂಪ ತೆರಿಗೆ ಎಂದೇ ಹೆಸರಿಟ್ಟರು. 2011ರಲ್ಲಿ ವಾನ್ ಪ್ರಾಂತ ಕುಸಿದಾಗ ‘ಆ ದುಡ್ಡು ಎಲ್ಲಿ ಹೋಯಿತು?’ ಎಂದು ಕೇಳಿದರೆ, ರಸ್ತೆಗೆ, ರೈಲಿಗೆ, ಆರೋಗ್ಯಕ್ಕೆ ಎಂದರು ಹಣಕಾಸು ಸಚಿವರು. ತಪ್ಪೇನು ಹೇಳಿದರು? ಆಂಬುಲೆನ್ಸ್ ಬರಲಿಕ್ಕೂ ರಸ್ತೆ ಬೇಕಲ್ಲ.

2018ರಲ್ಲಿ ಚುನಾವಣೆ ಹತ್ತಿರ ಬಂತು, ಮತ್ತೊಂದು ಕ್ಷಮಾದಾನವೂ ಬಂತು. ನಿಮ್ಮ ಕಟ್ಟಡ ಹೀಗಿದೆ ಎಂದು ನೀವೇ ಘೋಷಿಸಿ, ಶುಲ್ಕ ಕಟ್ಟಿ, ನೋಂದಣಿ ಪತ್ರ ಒಯ್ಯಿರಿ. ಇಂಜಿನಿಯರ್ ಬಂದು ಪಿಲ್ಲರ್ ಮುಟ್ಟಿ ನೋಡುವ ತಾಪತ್ರಯವಿಲ್ಲ. ಕಾನೂನಿನಲ್ಲೇ ಒಂದು ಸಾಲು ಸೇರಿಸಿದ್ದರು: ಕಟ್ಟಡ ಭೂಕಂಪ ತಡೆಯುತ್ತದೋ ಇಲ್ಲವೋ ಎಂಬುದು ಮಾಲೀಕನ ಹೊಣೆ. ಆ ಸಾಲು ಬರೆದ ಗುಮಾಸ್ತನ ಕೈಗೆ ಬಂಗಾರದ ಕಡಗ ತೊಡಿಸಬೇಕು. ದುಡ್ಡು ಖಜಾನೆಗೆ, ಓಟು ಪಕ್ಷಕ್ಕೆ, ಛಾವಣಿ ಮಾಲೀಕನ ತಲೆಗೆ.

2019ರಲ್ಲಿ ಅಧ್ಯಕ್ಷ ಎರ್ಡೋಗನ್ ಕಹ್ರಮನ್‌ಮರಾಶ್‌ಗೆ ಹೋಗಿ, ಈ ಊರಿನ 1 ಲಕ್ಷ 44 ಸಾವಿರಕ್ಕೂ ಹೆಚ್ಚು ಜನರ ಸಮಸ್ಯೆಯನ್ನು ಕ್ಷಮಾದಾನದಿಂದ ಬಗೆಹರಿಸಿದ್ದೇವೆ ಎಂದು ವೇದಿಕೆಯಲ್ಲಿ ಎದೆಯುಬ್ಬಿಸಿ ಹೇಳಿದರು. 2023ರ ಫೆಬ್ರುವರಿ 6ರಂದು 7.8 ತೀವ್ರತೆಯ ಭೂಕಂಪ ಬಂದು ಅತಿ ಹೆಚ್ಚು ಧ್ವಂಸವಾದ ಊರುಗಳಲ್ಲಿ ಅದೂ ಒಂದು. ತುರ್ಕಿಯಲ್ಲೇ ಸತ್ತವರು 50 ಸಾವಿರಕ್ಕೂ ಹೆಚ್ಚು. ಆ ಭಾಷಣದ ವಿಡಿಯೊ ಮತ್ತೆ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಬಿಲ್ಡರುಗಳನ್ನು ವಿಮಾನ ನಿಲ್ದಾಣದಲ್ಲೇ ಹಿಡಿದು ಜೈಲಿಗೆ ಹಾಕಿದರು. ಕ್ಷಮಿಸಿದವರನ್ನು ಹಿಡಿಯಲು ಮಾತ್ರ ಯಾವ ಕಾನೂನಿನಲ್ಲೂ ಸಾಲಿರಲಿಲ್ಲ.

ಓದುತ್ತಾ ‘ಎಲ್ಲೋ ಕೇಳಿದ ಹಾಗಿದೆ’ ಎನಿಸಿದ್ದರೆ ನೀವು ಕರ್ನಾಟಕದವರು. ನಮ್ಮ ಅಕ್ರಮ–ಸಕ್ರಮವೂ ಇದೇ ಬಳಗದ್ದು. ಸುತ್ತ ಬಿಡಬೇಕಾದ ಜಾಗವನ್ನು ನುಂಗಿದ್ದರೆ ವಾಸದ ಮನೆಗೆ ಶೇ 50ರವರೆಗೆ, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗೆ ದಂಡ ಕಟ್ಟಿಸಿಕೊಂಡು ಮಾಫಿ. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೂಂ ಎಂದಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆ ಹಾಕಿತು. ನುಂಗಿದ್ದು 49 ಆದರೆ ಸಜ್ಜನ, 51 ಆದರೆ ಅಪರಾಧಿ. ನೆಲ ಅಲುಗುವಾಗ ಈ ಎರಡೇ ಅಂಕದ ವ್ಯತ್ಯಾಸವನ್ನು ಗಮನಿಸಿಯೇ ಅಲುಗುತ್ತದೆ ಎಂಬುದು ನಮ್ಮ ನಂಬಿಕೆ. ಬೆಂಗಳೂರು ಎರಡನೇ ವಲಯ, ಹೆದರಬೇಕಿಲ್ಲ ಎನ್ನುವವರಿದ್ದಾರೆ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕೂಲಿಕಾರರ ಮೇಲೆ ಕುಸಿದಾಗ ಭೂಮಿ ತನ್ನ ಪಾಡಿಗೆ ತಾನಿತ್ತು, ಮಳೆ ಬರುತ್ತಿತ್ತು ಅಷ್ಟೇ.

ಇಷ್ಟಕ್ಕೂ ಇಂಥ ಮನೆ ನಿಲ್ಲುವುದೋ ಬೀಳುವುದೋ ಅರ್ಧ ತೀರ್ಮಾನವಾಗುವುದು ಕಂಬಿ ಕಟ್ಟುವವನ ಕೈಯಲ್ಲಿ. ಪಿಲ್ಲರಿನ ಕಂಬಿಗಳಿಗೆ ಸುತ್ತಲೂ ರಿಂಗು ತೊಡಿಸುತ್ತಾರಲ್ಲ, ಅದರ ತುದಿಯನ್ನು 90 ಡಿಗ್ರಿಗೆ ಮಡಿಸಿ ಬಿಟ್ಟರೆ ಜೋರಾಗಿ ಅಲುಗಿದಾಗ ರಿಂಗು ಬಿಚ್ಚಿಕೊಳ್ಳುತ್ತದೆ, ಪಿಲ್ಲರ್ ಸಿಡಿಯುತ್ತದೆ. ಇನ್ನೊಂದಿಷ್ಟು ಬಗ್ಗಿಸಿ, 135 ಡಿಗ್ರಿಗೆ ಒಳಮುಖ ಮಾಡಿದರೆ ಹಿಡಿದು ನಿಲ್ಲುತ್ತದೆ. ಹೆಚ್ಚಿಗೆ ಬೇಕಾದ್ದು ಬೆರಳುದ್ದದ ಕಂಬಿ, ತೋಳಿನ ಒಂದು ಎಳೆತ. ಇದನ್ನು ಅವನಿಗೆ ಹೇಳಿಕೊಡುವ ಕರಪತ್ರವನ್ನು ಬಡಾವಣೆಯ ಗಲ್ಲಿಗಳಲ್ಲಿ ಹಂಚಿದ್ದನ್ನು ನಾನಂತೂ ಕಂಡಿಲ್ಲ. ಹಂಚುವುದಾದರೂ ಹೇಗೆ? ಅಕ್ರಮ ಕಟ್ಟಡಕ್ಕೆ ಸಲಹೆ ಕೊಟ್ಟರೆ ಅದನ್ನು ಒಪ್ಪಿಕೊಂಡ ಹಾಗಾಗುತ್ತದಲ್ಲ!

ಮೇಸ್ತ್ರಿ ತಾನೇ ಪಾಲಿಕೆ ಕಚೇರಿಗೆ ಹೋಗಿ ‘ಸಾರ್, ರಿಂಗು ಹೀಗೆ ಮಡಿಸಿದರೆ ಸಾಕಾ?’ ಎಂದು ಕೇಳಿದರೂ ಸಾಹೇಬರು ಕೈಚೆಲ್ಲುತ್ತಾರೆ. ‘ಆ ಕಟ್ಟಡವೇ ನಮ್ಮ ರೆಕಾರ್ಡಿನಲ್ಲಿಲ್ಲ ಕಣಯ್ಯಾ, ರಿಂಗಿನ ಮಾತು ನನ್ನನ್ನೇನು ಕೇಳುತ್ತೀಯ?’ ಆದರೆ ರೆಕಾರ್ಡಿನಲ್ಲಿಲ್ಲದ ಆ ಕಟ್ಟಡದ ಮೂರನೇ ಮಹಡಿಗೆ ಮೋಲ್ಡ್ ಹಾಕುವುದು ಯಾವತ್ತು ಎಂಬುದು ಅವರಿಗೆ ಹೇಗೋ ಗೊತ್ತಾಗಿರುತ್ತದೆ. ಕಾಂಕ್ರೀಟ್ ಮಿಲ್ಲರ್ ಶುರುವಾಗುವ ಮುಂಚೆಯೇ ಬೈಕು ಬಂದು ನಿಂತಿರುತ್ತದೆ.