ಬಟ್ಟೆಯ ಮನೆಗೆ ಬಂಗಲೆಯ ಬಾಡಿಗೆ

"ಕುದುರೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದೀರಲ್ಲ ಸರ್, ಅದಕ್ಕೆ 200 ರೂಪಾಯಿ ಬೇರೆ." ಸಕಲೇಶಪುರದ ಕಡೆ ಪ್ರವಾಸಿಗರು ತಂಗುವ ಐಷಾರಾಮಿ ಡೇರೆಯೊಂದರ ಬಿಲ್ಲಿನಲ್ಲಿ ಈ ಸಾಲು ಕಂಡ ಮೇಲೆ ನನ್ನ ತಾಳ್ಮೆ ಕೆಟ್ಟಿತು. ಚಿಕ್ಕಮಗಳೂರಾಗಲಿ, ಕೊಡಗಾಗಲಿ, ಎಲ್ಲಿ ಹೋದರೂ ಇದೇ ಕಥೆ.

ಜಾಹೀರಾತಿನಲ್ಲಿ ಮಂಜು ಮುಸುಕಿದ ಗುಡ್ಡದ ನೆತ್ತಿಯಲ್ಲಿ ನಾಗಾಲೋಟದ ಬಿಳಿ ಕುದುರೆ. ಇಲ್ಲಿ ಪಕ್ಕೆಲುಬು ಎಣಿಸಬಹುದಾದ ಬಡಜೀವ. ಲಗಾಮು ಹಿಡಿದ ಹುಡುಗ ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತಾ ಅದನ್ನು ಸಿಲ್ವರ್ ಓಕ್ ಮರದಿಂದ ಗೇಟಿನವರೆಗೆ ನಡೆಸಿ ವಾಪಸು ತರುತ್ತಾನೆ. ಸವಾರಿ ಮುಗಿಯಿತು! ಹೆಲ್ಮೆಟ್ ಕೇಳಿದರೆ "ಬೀಳುವುದಿಲ್ಲ ಸರ್" ಎಂಬ ಭರವಸೆ. ನಿಜವೇ, ಆ ವೇಗದಲ್ಲಿ ಬೀಳುವುದಕ್ಕೂ ಕಷ್ಟಪಡಬೇಕು.

ಇನ್ನು ಡೇರೆ. ಮಲೆನಾಡಿನ ಜುಲೈ ಮಳೆಗೆ ಹೆಂಚಿನ ಮನೆಯೇ ಸೋರುತ್ತದೆ. ಇವರು ಬಟ್ಟೆಯ ಸೂರಿಗೆ ಸೀರಿಯಲ್ ಲೈಟು ಸುತ್ತಿ ಪ್ರಕೃತಿಯ ಮಡಿಲು ಎನ್ನುತ್ತಾರೆ. ಮಡಿಲು ಪೂರ್ತಿ ಒದ್ದೆಯಾಗಿತ್ತು. ಕಂಬಳಿಗೆ ಮುಗ್ಗಲು ವಾಸನೆ, ಕಾಲ್ಬೆರಳ ಸಂದಿಯಲ್ಲಿ ರಕ್ತ ಕುಡಿದು ಉಬ್ಬಿದ ಇಂಬಳ. ಒಂದು ಚಿಟಿಕೆ ಉಪ್ಪು ಕೊಡಿ ಎಂದರೆ ಅಡುಗೆಮನೆಗೆ ಬೀಗ ಹಾಕಿದೆಯಂತೆ! ಶೌಚಾಲಯವೇ? ಕೊಡೆ ಹಿಡಿದು ಕಾಫಿಗಿಡಗಳ ನಡುವೆ ಹುಡುಕಿಕೊಳ್ಳಬೇಕು.

ಕಾಡಿನ ಮೌನ ಬೇಕೆಂದು ಬಂದವರಿಗೆ ರಾತ್ರಿಯಿಡೀ ಜನರೇಟರಿನ ಗುಡುಗು, ತಗಡಿನ ಚಪ್ಪರದಡಿ ಡಿಜೆ. ಇದನ್ನು ಕೇಳಲು ಬೆಂಗಳೂರಿನಿಂದ ಹಾಸನದ ದಾರಿ ಹಿಡಿದು ಬರಬೇಕಿತ್ತೇ? ನಮ್ಮ ಬೀದಿಯ ಗಣೇಶೋತ್ಸವದಲ್ಲಿ ಇಷ್ಟೇ ಗದ್ದಲಕ್ಕೆ ಪ್ರಸಾದವನ್ನೂ ಕೊಡುತ್ತಾರೆ.

ಹೊರಡುವಾಗ "ಐದು ನಕ್ಷತ್ರ ಕೊಟ್ಟುಬಿಡಿ ಸರ್" ಎಂದರು. ದೂರದರ್ಶಕದಲ್ಲಿ ನಕ್ಷತ್ರ ವೀಕ್ಷಣೆ ಎಂದು ಮುಂಗಡ ಹಣ ಪಡೆದವರು ಒಂದನ್ನಾದರೂ ತೋರಿಸಿದರೇ?