ಒಂದು ಕೊಳವೆಬಾವಿಯ ವರದಿ ಸಾಲದು

ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ಸುತ್ತಲಿನ ಅಂತರ್ಜಲದ ಕುರಿತು ನೀವು ಪ್ರಕಟಿಸಿದ ಲೇಖನವು ಒಂದೇ ಕೊಳವೆಬಾವಿಯ ವರದಿಯನ್ನು ನೆಚ್ಚಿ ಇಡೀ ಪ್ರದೇಶ ಸುರಕ್ಷಿತವೆಂದು ತೀರ್ಮಾನಿಸಿರುವುದು ಅವಸರದ ಮಾತೆನಿಸುತ್ತದೆ. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳಲ್ಲಿ ನೀರು ಮುಖ್ಯವಾಗಿ ಬಿರುಕುಗಳ ಮೂಲಕವೇ ಹರಿಯುವುದರಿಂದ, ಅಕ್ಕಪಕ್ಕದ ಬಾವಿಗಳ ನೀರೂ ಬೇರೆಬೇರೆಯಾಗಿರಬಹುದು. ಹರಿವಿನ ದಿಕ್ಕನ್ನು ತಿಳಿಯಲು ಒಂದೇ ಸಾಲಿನಲ್ಲಿರದ ಕನಿಷ್ಠ 3 ಬಾವಿಗಳ ನೀರಿನ ಮಟ್ಟವನ್ನು ಅಳೆದು, ಹರಿವಿನ ಮೇಲ್ಭಾಗದ, ಅಂದರೆ ನೀರು ಘಟಕಗಳನ್ನು ತಲುಪುವ ಮೊದಲೇ ಸಿಗುವ, ಬಾವಿಯೊಂದನ್ನು ಹೋಲಿಕೆಗೆ ಇರಿಸಿಕೊಳ್ಳಬೇಕು, ಇಲ್ಲವಾದರೆ ನಮ್ಮ ಬಂಡೆಗಳಿಂದಲೇ ಬರುವ ಫ್ಲೋರೈಡನ್ನೂ ಘಟಕಗಳ ತಲೆಗೆ ಕಟ್ಟಿದಂತಾಗುತ್ತದೆ. ಪರೀಕ್ಷೆಗೆ ಮಣ್ಣನ್ನಂತೂ ಮೇಲ್ಪದರದಿಂದ ಮಾತ್ರ ತೆಗೆಯಬಾರದು, ಏಕೆಂದರೆ ಬೇಸಿಗೆಯಲ್ಲಿ ಬಾಯ್ಬಿಡುವ ಎರೆನೆಲದ ಸೀಳುಗಳಲ್ಲಿ ಬಣ್ಣದ ನೀರು ಆಳಕ್ಕೆ ಇಳಿದಿರಬಹುದು. ಮುಂಗಾರಿಗೆ ಮೊದಲಿನ ಮತ್ತು ನಂತರದ ವರದಿಗಳೆರಡನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.