ಅದನ್ನು ಪ್ರೀತಿ ಅನ್ನಬೇಡಿ
ಅಮೆರಿಕದ ಕಥೆಗಾರ ಹಾಥಾರ್ನ್ 1843ರಲ್ಲಿ ಬರೆದ ‘ದಿ ಬರ್ತ್‌ಮಾರ್ಕ್’ ಕಥೆಯ ವಿಜ್ಞಾನಿ ಏಲ್ಮರ್, ಹೆಂಡತಿ ಜಾರ್ಜಿಯಾನಾ ಮೇಲಿನ ಅತಿ ಪ್ರೀತಿಯಿಂದಲೇ ಅವಳ ಮಚ್ಚೆ ತೆಗೆಯಲು ಹೊರಟ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಜಾರ್ಜಿಯಾನಾ ಕೆನ್ನೆಯ ಆ ಪುಟ್ಟ ಕೈಯಾಕಾರದ ಮಚ್ಚೆಯನ್ನು ಎಷ್ಟೋ ಜನ ಮೆಚ್ಚಿದ್ದರು, ಅವಳೂ ಅದು ಚೆಂದ ಅಂತಲೇ ನಂಬಿದ್ದಳು. ಗಂಡ ಅದನ್ನು ನೋಡಿ ನೋಡಿ ನಡುಗಿದ ಮೇಲೆ ತಾನೇ ಅವಳಿಗೂ ಬೇಡವಾಗಿದ್ದು? ಅವನ ಪ್ರಯೋಗದ ಪುಸ್ತಕದ ತುಂಬಾ ಸೋಲುಗಳೇ ಅಂತ ಓದಿ ತಿಳಿದ ಮೇಲೂ ಅವಳು ಮಚ್ಚೆ ಹೋಗಲೆಂದು ಅವನು ಕೊಟ್ಟ ಔಷಧಿ ಕುಡಿಯುತ್ತಾಳೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಮಂಡ್ಯದಲ್ಲಿ ನಮ್ಮ ನೆಂಟರ ಹುಡುಗಿಗೂ ಗಲ್ಲದ ಮೇಲೆ ಹುಟ್ಟುಮಚ್ಚೆ ಇದೆ. ಹೆಣ್ಣು ನೋಡಲು ಬಂದಾಗ ಗಂಡಿನ ಚಿಕ್ಕಮ್ಮ ಕಾಫಿ ಲೋಟ ತಗೊಳ್ತಾ, ‘ಲೇಸರ್ ಮಾಡಿಸಬಹುದಲ್ವಾ?’ ಅಂದರು. ಅಲ್ಲಿವರೆಗೂ ನಗುನಗುತ್ತಾ ಫೋಟೋಗೆ ನಿಲ್ಲುತ್ತಿದ್ದವಳು ಈಗ ಮೊಬೈಲ್ ಎತ್ತಿದರೆ ಸಾಕು, ಕೂದಲನ್ನು ಗಲ್ಲದ ಮೇಲೆ ಎಳೆದುಕೊಳ್ಳುತ್ತಾಳೆ. ಒಳ್ಳೇದಕ್ಕೇ ಹೇಳಿದ್ದು ಅಂತಾರೆ ಆಮೇಲೆ!

ಇನ್ನೊಂದು ಮಾತು. ಲೇಖನದಲ್ಲಿ ಅಮಿನಾಡಬ್‌ನ ಹೆಸರೇ ಇಲ್ಲ. ಕುಲುಮೆ ಮಸಿ ಮೆತ್ತಿಕೊಂಡ, ಏಲ್ಮರ್‌ನ ಆ ಸಹಾಯಕ, ಜಾರ್ಜಿಯಾನಾ ತನ್ನ ಹೆಂಡತಿಯಾಗಿದ್ದರೆ ಆ ಮಚ್ಚೆ ಬಿಟ್ಟುಕೊಡುತ್ತಲೇ ಇರಲಿಲ್ಲ ಅಂತ ಗೊಣಗುತ್ತಾನೆ. ಇಡೀ ಕಥೆಯಲ್ಲಿ ಅವಳನ್ನು ಇದ್ದ ಹಾಗೇ ನೋಡಿದವನು ಅವನೊಬ್ಬನೇ. ಅವನ ಬಗ್ಗೆ ಬರೆಯಲೇಬೇಕಿತ್ತು.